ರೆಕ್ಕೆ ಬಡಿಯದ ಹಕ್ಕಿ

ಬೋಧನಾಭ್ಯಾಸದಲ್ಲಿ ಅದು ನನ್ನ ಏಳನೆಯ ಪಾಠ. ಒಂಬತ್ತನೇ ತರಗತಿ, ಗಣಕ ವಿಜ್ಞಾನ. ಪಾಠದ ವಿಷಯ 'ಟೈಮರ್ ಬಳಸಿ ಚಿತ್ರಕ್ಕೆ ಚಲನೆ ಕೊಡುವುದು'. ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಇದ್ದದ್ದು 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6. ಹಳೆಯದಾದರೂ ಫಾರ್ಮ್ ಮೇಲೆ ಚಿತ್ರ ಇಟ್ಟು ನಾಲ್ಕು ಸಾಲು ಬರೆದರೆ ಫಲಿತಾಂಶ ಕಣ್ಣೆದುರು ಕಾಣುತ್ತದೆ, ಮಕ್ಕಳಿಗೆ ಅಷ್ಟು ಸಾಕು.

ಪೀಠಿಕೆಗೆ ಎರಡು ಹಾಳೆಗಳಲ್ಲಿ ಹಕ್ಕಿಯ ಚಿತ್ರ ಬರೆದುಕೊಂಡು ಹೋಗಿದ್ದೆ. ಒಂದರಲ್ಲಿ ರೆಕ್ಕೆ ಮೇಲೆ, ಇನ್ನೊಂದರಲ್ಲಿ ಕೆಳಗೆ. ಮೇಲಿನ ಹಾಳೆಯನ್ನು ಪೆನ್ಸಿಲಿಗೆ ಸುತ್ತಿ ಬೇಗ ಬೇಗ ಆಡಿಸಿದಾಗ ಹಕ್ಕಿ ಹಾರಿತು, ತರಗತಿ ಖುಷಿಪಟ್ಟಿತು. ಟೈಮರ್ ಏಕೆ ಬೇಕೆಂದು ಮನವರಿಕೆ ಮಾಡಲು ಮೊದಲು ಟೈಮರ್ ಇಲ್ಲದೆ ತೋರಿಸಿದೆ. ಫಾರ್-ನೆಕ್ಸ್ಟ್ ಲೂಪಿನಲ್ಲಿ ಎರಡು ಚಿತ್ರಗಳನ್ನು 20 ಸಲ ಅದಲುಬದಲು ಮಾಡಿಸಿ ಬಟನ್ ಒತ್ತಿದೆ. ಹಕ್ಕಿ ಮೊದಲಿದ್ದಂತೆಯೇ ರೆಕ್ಕೆ ಎತ್ತಿಕೊಂಡು ಕೂತಿತ್ತು.

"ಏಕೆ ಹಾರಲಿಲ್ಲ?" ಎಂದು ಕೇಳಿ, ಪಾಠಯೋಜನೆಯಲ್ಲಿ ಬರೆದುಕೊಂಡಿದ್ದ ಉತ್ತರವನ್ನು ನಾನೇ ಹೇಳಿದೆ: "ಕಂಪ್ಯೂಟರಿನ ವೇಗಕ್ಕೆ ನಮ್ಮ ಕಣ್ಣು ಸಾಲುವುದಿಲ್ಲ."

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಹಾಗಾದ್ರೆ ನಿಧಾನ ಮಾಡಿದ್ರೆ ಕಾಣ್ಬೇಕಲ್ವಾ ಮಿಸ್?"

ನ್ಯಾಯವಾದ ಪ್ರಶ್ನೆ. ಲೂಪಿನ ಒಳಗೆ ಐವತ್ತು ಲಕ್ಷದವರೆಗೆ ಸುಮ್ಮನೆ ಎಣಿಸುವ ಇನ್ನೊಂದು ಲೂಪ್ ಸೇರಿಸಿ ಬಟನ್ ಒತ್ತಿದೆ. ಫಾರ್ಮ್ ಕೆಲವು ಸೆಕೆಂಡು ಮರಗಟ್ಟಿ ನಿಂತಿತು. ಮುಚ್ಚುವ ಗುಂಡಿಯೂ ಓಗೊಡಲಿಲ್ಲ. ಕೊನೆಗೆ ನೋಡಿದರೆ ಅದೇ ಹಕ್ಕಿ, ಅದೇ ಎತ್ತಿದ ರೆಕ್ಕೆ. ಮಕ್ಕಳು ನಕ್ಕರು. "ಟೈಮರ್ ಹಾಕಿದರೆ ಸರಿಹೋಗುತ್ತದೆ" ಎಂದು ಮುಂದೆ ಸಾಗಿದೆ. ಇಂಟರ್ವಲ್ 200 ಮಿಲಿಸೆಕೆಂಡು ಎಂದು ಕೊಟ್ಟೆ. ಹಕ್ಕಿ ಸೆಕೆಂಡಿಗೆ ಐದು ಸಲ ರೂಪ ಬದಲಿಸಿತು. ಚಪ್ಪಾಳೆ ಬಿತ್ತು.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ಕಲಿಕೋಪಕರಣದ ಬಳಕೆಯನ್ನು ಮೆಚ್ಚಿದ್ದರು. ಕೆಳಗೆ ಒಂದೇ ಸಾಲು: 'ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಕ್ಕಿತೆ?'

ಸಿಕ್ಕಿರಲಿಲ್ಲ. ನಾನು ಹೇಳಿದ್ದೇ ತಪ್ಪು ಎಂಬುದು ಆ ಸಂಜೆ ಓದಿದಾಗ ತಿಳಿಯಿತು. ವಿಂಡೋಸ್‌ನಲ್ಲಿ ಮೌಸ್ ಒತ್ತಿದ್ದು, ಕೀಲಿ ಒತ್ತಿದ್ದು, 'ಇಲ್ಲಿ ಮತ್ತೆ ಚಿತ್ರ ಬರೆ' ಎಂಬ ಸೂಚನೆ ಎಲ್ಲವೂ ಸಂದೇಶಗಳಾಗಿ ಸರದಿಯಲ್ಲಿ ಕಾಯುತ್ತವೆ. ಇಮೇಜ್ ಕಂಟ್ರೋಲಿನ ಚಿತ್ರ ಬದಲಿಸಿದ ಕೂಡಲೇ ಅದು ಪರದೆಗೆ ಬರುವುದಿಲ್ಲ. ಬರೆಯಬೇಕಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ. ನಡೆಯುತ್ತಿರುವ ಕೆಲಸ ಮುಗಿದು ಪ್ರೋಗ್ರಾಂ ಸರದಿಯ ಕಡೆ ತಿರುಗಿದಾಗಲೇ ಬರೆಯುವುದು. ಲೂಪ್ ಮುಗಿಯುವವರೆಗೆ ಅದು ತಿರುಗುವುದೇ ಇಲ್ಲ. ತೊಂದರೆ ಇದ್ದದ್ದು ವೇಗದಲ್ಲಲ್ಲ, ಬಿಡುವು ಕೊಡದಿರುವುದರಲ್ಲಿ.

ಮರುದಿನ ಬೇರೆ ಪಾಠವಿತ್ತು. ತಪ್ಪು ಒಪ್ಪಿಕೊಂಡರೆ ಅಂಕ ಹೋದೀತೆಂಬ ಅಳುಕು ಒಂದು ಕಡೆ, ಪ್ರಶಿಕ್ಷಣಾರ್ಥಿಯ ಮಾತನ್ನು ಮಕ್ಕಳು ಮತ್ತೆ ನಂಬುವರೇ ಎಂಬ ಅಳುಕು ಇನ್ನೊಂದು ಕಡೆ. "ಯೋಜನೆಯಲ್ಲಿ ಇಲ್ಲದ್ದಕ್ಕೆ ಹತ್ತು ನಿಮಿಷ ತೆಗೆದುಕೊಳ್ಳಲೇ ಸರ್?" ಎಂದು ಕೇಳಿದೆ. "ಯೋಜನೆಗೆ ಸೇರಿಸಿಕೊಂಡು ಬನ್ನಿ" ಎಂದರು.

"ನಿನ್ನೆ ನಾನು ಹೇಳಿದ ಕಾರಣ ತಪ್ಪು" ಎಂದೇ ಆರಂಭಿಸಿದೆ. ಒಬ್ಬ ಹುಡುಗ 'ಪ್ರೋಗ್ರಾಂ' ಆಗಿ ಮೇಜಿನ ಬಳಿ ಕುಳಿತ. ಮುಂದೆ ಚೀಟಿಗಳ ಸಾಲು. ಒಂದು ಚೀಟಿಯ ಕೆಲಸ ಪೂರ್ತಿಯಾದ ಮೇಲೆಯೇ ಇನ್ನೊಂದನ್ನು ತೆಗೆಯಬೇಕು. ಹಲಗೆಯ ಬಳಿ ಇನ್ನೊಬ್ಬ, 'ಚಿತ್ರ ಬರೆ' ಚೀಟಿ ಬಂದಾಗ ಮಾತ್ರ ಬರೆಯಬೇಕು. ಮೊದಲ ಚೀಟಿ: '20 ಸಲ ಬದಲಿಸು.' ಹುಡುಗ ಪುಸ್ತಕದಲ್ಲಿ ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಬರೆಯುತ್ತಲೇ ಇದ್ದ. 'ಮುಚ್ಚು' ಚೀಟಿ ಹಿಡಿದವನು ಕಾದು ಬೇಸತ್ತ. ಹಲಗೆಗೆ ಬಂದದ್ದು ಕೊನೆಯ ಚಿತ್ರ ಒಂದೇ. ಎರಡನೆಯ ಸುತ್ತಿನಲ್ಲಿ ಆ ಹುಡುಗಿಯೇ ಟೈಮರ್. ಐದು ಎಣಿಸಿ 'ಒಂದು ಸಲ ಬದಲಿಸು' ಎಂಬ ಚೀಟಿ ಇಡುತ್ತಿದ್ದಳು. ನಡುವೆ ಬಿಡುವಿತ್ತು. ಹಲಗೆಯ ಹಕ್ಕಿ ಪ್ರತಿ ಸಲವೂ ಬದಲಾಯಿತು.

"ಟೈಮರ್ ತಾನು ಕೆಲಸ ಮಾಡಲ್ಲ ಮಿಸ್, ಕರೆಯುತ್ತೆ ಅಷ್ಟೆ" ಎಂದಳು. ನನ್ನ ಯೋಜನೆಯಲ್ಲಿ ಇಷ್ಟು ಚೊಕ್ಕವಾದ ವಾಕ್ಯ ಇರಲಿಲ್ಲ.

ಆ ಚೀಟಿಗಳು ಇನ್ನೊಂದು ಕಡೆಯೂ ನೆರವಾದವು. ಒಬ್ಬನ ಹಕ್ಕಿ ಒಮ್ಮೆ ರೆಕ್ಕೆ ಇಳಿಸಿ ಹಾಗೆಯೇ ನಿಂತಿತ್ತು. ರೆಕ್ಕೆಯ ಸ್ಥಿತಿಯನ್ನು ನೆನಪಿಡುವ ಚರವನ್ನು ಟೈಮರ್ ಪ್ರೊಸೀಜರಿನ ಒಳಗೆ ಡಿಮ್ ಎಂದು ಘೋಷಿಸಿದ್ದ; ಪ್ರತಿ ಕರೆಗೂ ಅದು ಹೊಸದಾಗಿ ಹುಟ್ಟುತ್ತಿತ್ತು. "ಪ್ರತಿ ಚೀಟಿಗೂ ಹೊಸ ಹಾಳೆ ತಗೊಂಡ್ರೆ ಹಿಂದಿಂದು ಹೇಗೆ ಗೊತ್ತಾಗುತ್ತೆ?" ಎಂದು ಪಕ್ಕದವನೇ ಹಿಡಿದ. ಡಿಮ್ ತೆಗೆದು ಸ್ಟ್ಯಾಟಿಕ್ ಎಂದು ಬರೆದರು, ಹಕ್ಕಿ ಹಾರಿತು. ಮತ್ತೊಬ್ಬ ಇಂಟರ್ವಲ್ 1 ಕೊಟ್ಟು ಸೆಕೆಂಡಿಗೆ 1000 ಸಲ ಎಂದು ಕಾದ. ಈ ಟೈಮರಿನ ನಿಖರತೆ ಸೆಕೆಂಡಿನ 18ನೇ ಒಂದು ಭಾಗವನ್ನು ಮೀರದು ಎಂದು ವಿಷುಯಲ್ ಬೇಸಿಕ್ಕಿನ ಕೈಪಿಡಿಯೇ ಹೇಳುತ್ತದೆ. ಆ ಸಲ ಕೈಪಿಡಿ ನೋಡಿಕೊಂಡೇ ಹೇಳಿದೆ.

ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ' ಎಂಬ ಅಂಕಣವಿದೆ. ಅಲ್ಲಿ ನಾನು ಪರೀಕ್ಷಿಸದೇ ಇದ್ದ ಉತ್ತರವೊಂದನ್ನು ಬರೆದುಕೊಂಡು ಹೋಗಿದ್ದೆ. ಅದನ್ನು ಪರೀಕ್ಷಿಸಿದವಳು ಹಿಂದಿನ ಬೆಂಚಿನ ಹುಡುಗಿ. ಈಗ ಆ ಅಂಕಣ ತುಂಬುವ ಮೊದಲು, ಅವಳು ಏನು ಕೇಳಿಯಾಳು ಎಂದು ಯೋಚಿಸಿ ಹಿಂದಿನ ಸಂಜೆಯೇ ಒಮ್ಮೆ ಮಾಡಿ ನೋಡುತ್ತೇನೆ.