ನಮ್ಮೂರಿನ ಕಲ್ಲು

ನಮ್ಮೂರು ಕಲ್ಲೋಳಿ. ಅಲ್ಲಿಯ ಹಳೆಯ ಶಾಸನದಲ್ಲಿ ನಿಧಿಯ ಗುರುತು ಬರೆದಿದೆಯೆಂದು ನಮ್ಮ ಅಜ್ಜನ ದೃಢ ನಂಬಿಕೆ. ಕಾಲೇಜು ಸೇರುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಹೋದ ವರ್ಷ ತರಗತಿಯಲ್ಲಿ ಯುರೋಪಿನ ಮತಸುಧಾರಣೆಯ ಪಾಠ ನಡೆದಿತ್ತು. ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತದ ವಿಟ್‌ಮಾರ್ಸುಮ್ ಎಂಬ ಸಣ್ಣ ಹಳ್ಳಿಯ ಹೆಸರು ಬಂದಿತು. 1496ರಲ್ಲಿ ಮೆನ್ನೊ ಸೈಮನ್ಸ್ ಹುಟ್ಟಿದ ಊರದು. ಪಾದ್ರಿಯಾಗಿದ್ದ ಆತ 1536ರಲ್ಲಿ ಆ ಪದವಿಯನ್ನು ತೊರೆದ. ತಿಳಿವಳಿಕೆ ಬಂದ ಮೇಲೆಯೇ ದೀಕ್ಷಾಸ್ನಾನವಾಗಬೇಕು, ಕ್ರಿಸ್ತನನ್ನು ನಂಬಿದವನು ಕತ್ತಿ ಹಿಡಿಯಲಾಗದು ಎಂದು ಬೋಧಿಸುತ್ತ ಊರೂರು ಅಲೆದ. 1542ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಆತನನ್ನು ಹಿಡಿದುಕೊಟ್ಟವರಿಗೆ 100 ಗಿಲ್ಡರುಗಳ ಇನಾಮು ಸಾರಿದ. ನೆರೆಯ ಪಿಂಗ್ಯುಮ್ ಹಳ್ಳಿಯಲ್ಲಿ ಮೆನ್ನೊನೈಟರ ಹಳೆಯ ಪ್ರಾರ್ಥನಾಮಂದಿರವಿದೆ. ಹೊರಗಿನಿಂದ ನೋಡಿದರೆ ಅದು ಬರಿಯ ಮನೆ!

ಪಾಠ ಮುಗಿಸಿದ ಅಧ್ಯಾಪಕರು, "ನಿಮ್ಮ ನಿಮ್ಮ ಊರಿನ ಧರ್ಮದ ಚರಿತ್ರೆ ಯಾರಿಗಾದರೂ ಗೊತ್ತೇನು?" ಎಂದು ಕೇಳಿದರು. ವಿಟ್‌ಮಾರ್ಸುಮಿನ ಇಸವಿಗಳನ್ನೆಲ್ಲ ಬರೆದುಕೊಂಡಿದ್ದ ನನಗೆ ಕಲ್ಲೋಳಿಯ ಒಂದು ಇಸವಿಯೂ ತಿಳಿದಿರಲಿಲ್ಲ. ತಲೆ ತಗ್ಗಿಸಿದೆ.

ಅಂದಿನಿಂದ ರಟ್ಟರ ಮೇಲಿನ ಬರಹಗಳನ್ನು ಹುಡುಕತೊಡಗಿದೆ. ಫ್ಲೀಟ್ ಸಾಹೇಬರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ನಮ್ಮ ಶಾಸನವನ್ನೋದಿ ಅಚ್ಚು ಹಾಕಿಸಿದ್ದರು. ಅದರ ಕಾಲ ಶಕ 1127, ಅಂದರೆ ಕ್ರಿ.ಶ. 1204. ವೇಣುಗ್ರಾಮದಲ್ಲಿ, ಎಂದರೆ ಈಗಿನ ಬೆಳಗಾವಿಯಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆ. ಕೂಂಡಿ 3000 ನಾಡಿಗೆ ಸೇರಿದ ನಮ್ಮೂರಿಗೆ ಆಗ ಸಿಂದನ ಕಲ್ಪೊಳೆಯೆಂದು ಹೆಸರು. ರಾಜನೆಂಬ ಹೆಸರಿನ ಸಾಮಂತನೊಬ್ಬ ಅಲ್ಲಿ ಶಾಂತಿನಾಥನ ಬಸದಿಯನ್ನು ಕಟ್ಟಿಸಿದ. ಅದಕ್ಕಾಗಿ ಶುಭಚಂದ್ರ ಭಟ್ಟಾರಕರಿಗೆ ಭೂಮಿ ದಾನವಾಯಿತು.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ಮುಂದೆ ಎಲ್ಲವನ್ನೂ ಹೇಳಿದೆ.

"ಹಂಗಾರ ನಿಧಿ ಇಲ್ಲೇನ?"

"ಇಲ್ಲಜ್ಜಾ. ಬಸದಿಗೆ ಭೂಮಿ ಕೊಟ್ಟ ಸುದ್ದಿ ಐತಿ."

ಅಜ್ಜನ ಮುಖ ಸಣ್ಣದಾಯಿತು. ಸಮಾಧಾನಕ್ಕೆಂದು ಹಾಲೆಂಡಿನ ಕಥೆಯನ್ನೂ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಲ್ಲಬ್ಯಾಡ್ರಿ ಅಂದವರಿಗೆ ನಮ್ಮ ರಾಜ ಹೊಲಾ ಕೊಟ್ಟ, ಅವರ ರಾಜ ತಲಿಗೆ ರೊಕ್ಕಾ ಕಟ್ಟಿದ" ಎಂದ.

ನನಗೆ ಹೆಮ್ಮೆಯೆನಿಸಿತು. ಮರುಗಳಿಗೆಯೇ ಕಲ್ಯಾಣ ನೆನಪಾಯಿತು. ನಮ್ಮೂರಿನ ಶಾಸನಕ್ಕಿಂತ ನಾಲ್ಕು ದಶಕಗಳೂ ಹಿಂದಲ್ಲ, ಶರಣರ ರಕ್ತ ಹರಿದದ್ದು ಇದೇ ಕನ್ನಡ ನೆಲದಲ್ಲಿ. ಆ ಕಥೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವನೂ ಈ ಅಜ್ಜನೇ. ಆತನಿಗೂ ಅದೇ ನೆನಪಾಯಿತೋ ಏನೋ, ಮತ್ತೆ ರಾಜರ ಮಾತೆತ್ತಲಿಲ್ಲ.

"ನಾಳೆ ಮುಂಜಾನೆ ಆ ಕಲ್ಲಿನ ಕಡೆ ಹೋಗೂಣು. ಶಾಂತಿನಾಥ ಅಂತ ಎಲ್ಲಿ ಬರದೈತಿ, ತೋರಸು" ಎಂದ.

ಆ ಹಳೆಯ ಲಿಪಿಯ ಒಂದಕ್ಷರವೂ ನನಗೆ ಬಾರದೆಂದು ಹೇಳುವ ಧೈರ್ಯವಾಗಲಿಲ್ಲ.