ಹಣ್ಣಿನ ಹದ, ನೆಲದ ಹೆಸರು

ರೈನ್ ತೀರದ ಯೊಹಾನಿಸ್‌ಬರ್ಗ್ ದ್ರಾಕ್ಷಿತೋಟಕ್ಕೆ 1775ರಲ್ಲಿ ಕೊಯ್ಲಿನ ಅಪ್ಪಣೆ ತರಬೇಕಾಗಿದ್ದ ದೂತನು ಬಹಳ ತಡಮಾಡಿದನಂತೆ. ಅಷ್ಟರಲ್ಲಿ ಹಣ್ಣಿಗೆ ಬೂಷ್ಟು ಹಿಡಿದಿತ್ತು. ವಿಧಿಯಿಲ್ಲದೆ ಅದನ್ನೇ ಹಿಂಡಿದರು. ಆ ವರುಷದ ದ್ರಾಕ್ಷಾಮದ್ಯ ಅಪೂರ್ವವಾಯಿತೆಂದು ಐತಿಹ್ಯ. ತಡವೇ ಬಿರುದಾಯಿತು: 'ಷ್ಪೇಟ್‌ಲೇಸೆ' ಎಂದರೆ ತಡವಾದ ಕೊಯ್ಲು.

ಜರ್ಮನಿಯ 1971ರ ಕಾನೂನು ಇಂಥ ಬಿರುದುಗಳನ್ನೆಲ್ಲ ಹಿಂಡಿದ ರಸದಲ್ಲಿನ ಸಕ್ಕರೆಗೆ ಕಟ್ಟಿತು. ಸಕ್ಕರೆ ಏರಿದಂತೆ ಪದವಿಯೂ ಏರುವುದು: ಮೊದಲು ಕಬಿನೆಟ್, ಅನಂತರ ಷ್ಪೇಟ್‌ಲೇಸೆ, ಆಯ್ದ ಗೊಂಚಲುಗಳ ಔಸ್‌ಲೇಸೆ, ಆಯ್ದ ಹಣ್ಣುಗಳ ಬೇರೆನ್‌ಔಸ್‌ಲೇಸೆ, ತುತ್ತತುದಿಯಲ್ಲಿ, ಬಳ್ಳಿಯಲ್ಲಿಯೇ ಸುಕ್ಕುಗಟ್ಟಿದ ಹಣ್ಣಿನ ಟ್ರೊಕನ್‌ಬೇರೆನ್‌ಔಸ್‌ಲೇಸೆ.

ಇಲ್ಲಿಯೇ ಹೊಸಬರು ಎಡವುತ್ತಾರೆ. 'ಟ್ರೊಕನ್' ಎಂಬ ಮಾತು ಸೀಸೆಯ ಮೇಲೆ ಒಂಟಿಯಾಗಿ ನಿಂತರೆ ಮದ್ಯದಲ್ಲಿ ಸಿಹಿಯಿಲ್ಲವೆಂದು ಅರ್ಥ; ಆ ಉದ್ದನೆಯ ಹೆಸರಿನೊಳಗಾದರೋ ಒಣಗಿದ್ದು ಹಣ್ಣು, ಮದ್ಯವು ಜೇನಿನಷ್ಟು ಸಿಹಿ. ಷ್ಪೇಟ್‌ಲೇಸೆ ಸಿಹಿಯಾಗಿಯೂ ಇರಬಹುದು, ಇಲ್ಲದೆಯೂ ಇರಬಹುದು. ಬಿರುದು ಸಾರುವುದು ಕೊಯ್ಲಿನ ದಿನದ ಹಣ್ಣಿನ ಹದವನ್ನು, ಬಟ್ಟಲಿನ ರುಚಿಯನ್ನಲ್ಲ.

ಸಕ್ಕರೆಯೊಂದನ್ನೇ ನಂಬಿದ ಅಳತೆಗೆ ಕಾಣದ್ದೂ ಉಂಟು. ಮೋಸೆಲ್ ನದಿಯ ಕಡಿದಾದ ಇಳಿಜಾರಿನಲ್ಲಿ ರೀಸ್ಲಿಂಗ್ ನಿಧಾನವಾಗಿ ಮಾಗುವುದು. ಅಲ್ಲಿ ಮನುಷ್ಯರ ಕೈಯೇ ಗತಿ. ಬಯಲಿನಲ್ಲಿ ಬೇಗ ಮಾಗುವ ತಳಿಗಳು ಅದೇ ಬಿರುದನ್ನು ಸುಲಭವಾಗಿ ಗಳಿಸಿದವು. ಹವೆ ಬಿಸಿಯೇರಿದ ಈಚಿನ ದಶಕಗಳಲ್ಲಿ ಸಕ್ಕರೆಯೂ ಅಪರೂಪವಾಗಿ ಉಳಿಯಲಿಲ್ಲ. 2021ರಲ್ಲಿ ತಿದ್ದಿದ ಕಾನೂನು ನೆಲದ ಕಡೆಗೆ ತಿರುಗಿತು: ಪ್ರಾಂತ, ಊರು, ತೋಟ, ಜಾಗವು ಕಿರಿದಾದಷ್ಟೂ ಹೊಣೆ ಹಿರಿದು. ಹಣ್ಣಿನ ಹದದೊಡನೆ ಅದನ್ನು ಮಾಗಿಸಿದ ಬೆಟ್ಟಕ್ಕೂ ಮನ್ನಣೆ ಸಲ್ಲಲು ಐವತ್ತು ವರುಷ ಹಿಡಿಯಿತು.