ಚೆಂಡುಹೂವಿನ ದಾರಿ, ಶರಾವತಿಯ ಹಿನ್ನೀರು

ಚೆಂಡುಹೂವಿಲ್ಲದೆ ನಮ್ಮ ಕಡೆ ಆಯುಧಪೂಜೆಯೂ ಇಲ್ಲ, ದೀಪಾವಳಿಯೂ ಇಲ್ಲ. ಅದು ಮೂಲತಃ ಮೆಕ್ಸಿಕೋದ ಹೂವು ಅಂತ ಮದುವೆಯಾದ ಹೊಸತರಲ್ಲಿ ನನ್ನ ಗಂಡ ಹೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗಿತ್ತು :-) ಅವರು ಅದಕ್ಕೆ ಸೆಂಪಾಸೂಚಿಲ್ ಅಂತಾರೆ. ಅಲ್ಲಿನ ಹಳೆಯ ನಹುವಾಟ್ಲ್ ಭಾಷೆಯಲ್ಲಿ 'ಇಪ್ಪತ್ತರ ಹೂ' ಅಂತ ಅರ್ಥವಂತೆ. ನಮ್ಮ ಸಾರಿಗೆ ಬೀಳುವ ಮೆಣಸಿನಕಾಯಿ, ಹಿತ್ತಲಿನ ಪಪ್ಪಾಯಿ ಕೂಡ ಆ ಕಡೆಯವೇ.

ನಾನು ಸಾಗರ ತಾಲ್ಲೂಕಿನ ಹೊನ್ನೆಮರಡು ಕಡೆಯವಳು. ಗಂಡ ಮೆಕ್ಸಿಕೋದ ಪುಯೆಬ್ಲಾದವನು. ಈಗ ಇರೋದು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ. ಮಕ್ಕಳಿಬ್ಬರೂ ನನ್ನ ಜತೆ ಕನ್ನಡ, ಅಜ್ಜಿ ಜತೆ ಸ್ಪ್ಯಾನಿಷ್, ಜಗಳಕ್ಕೆ ಇಂಗ್ಲಿಷ್.

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಅವರಲ್ಲಿ ಪೊಸಾದಾ ನಡೆಯುತ್ತೆ. ಮೇರಿ, ಜೋಸೆಫರ ಮೂರ್ತಿ ಹಿಡಿದು ಹಾಡುತ್ತಾ ಮನೆಬಾಗಿಲಿಗೆ ಹೋಗಿ ಇಳಿದುಕೊಳ್ಳಲು ಜಾಗ ಕೇಳೋದು. ಮೊದಲ ಬಾರಿ ನೋಡಿದಾಗ ನನಗೆ ನೆನಪಾದದ್ದು ನಮ್ಮ ಅಂಟಿಗೆ ಪಂಟಿಗೆ. ದೀಪಾವಳಿ ರಾತ್ರಿ ಆರದ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರ್ತಾರಲ್ಲ, ಅದೇ. ಆದರೆ ನಮ್ಮಲ್ಲಿ ಬಂದ ದೀಪಕ್ಕೆ ಎಣ್ಣೆ ಎರೆದು ಬರಮಾಡ್ಕೊಳ್ತೀವಿ. ಅಲ್ಲಿ ಮೊದಲು "ಜಾಗ ಇಲ್ಲ, ಹೋಗಿ" ಅಂತ ಒಳಗಿನವರು ಹಾಡಬೇಕು. ಯಾಕೆ ಹಾಗೆ ಅಂತ ಮಗ ಕೇಳಿದ. "ಬಾಗಿಲು ಹಾಕಿಸಿಕೊಂಡವರಿಗೆ ಹೇಗನ್ನಿಸುತ್ತೆ ಅಂತ ಗೊತ್ತಾಗಲಿ ಅಂತ" ಅಂದರು ಅತ್ತೆ.

ಆ ಮಾತು ನನ್ನನ್ನು ನಾಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ನನ್ನ ಅಜ್ಜಿಯ ಮನೆಯವರೂ ಪಾತ್ರೆ-ಪಗಡೆ ಹೊತ್ತು ಜಾಗ ಕೇಳ್ಕೊಂಡು ಹೊರಟವರೇ. ಇವತ್ತು ಹೊನ್ನೆಮರಡಿಗೆ ದೋಣಿ ನಡೆಸಲು ಬರುವವರು ಇಷ್ಟಪಟ್ಟು ನೋಡುವ ಆ ನೀಲಿ ನೀರಿನ ಕೆಳಗೆ ಗದ್ದೆ, ತೋಟ, ಅಂಗಳ ಎಲ್ಲಾ ಇದೆ.

ಇದು ಮಕ್ಕಳಿಗೆ ದೊಡ್ಡ ಪ್ರಶ್ನೆಯಾದದ್ದು ದಿಯಾ ದೆ ಮುಯೆರ್ತೋಸ್ ದಿನ. ನವೆಂಬರ್ 1 ಮತ್ತು 2, ಸತ್ತವರು ಮನೆಗೆ ಬರುವ ದಿನಗಳು. ಫೋಟೋ, ಮೋಂಬತ್ತಿ, ಉಪ್ಪು, ನೀರು, ಅವರಿಗೆ ಇಷ್ಟವಾದ ಅಡುಗೆ ಇಟ್ಟು, ಬಾಗಿಲಿನಿಂದ ಚೆಂಡುಹೂವಿನ ಎಸಳು ಚೆಲ್ಲಿ ದಾರಿ ಮಾಡ್ತಾರೆ. ನಾವು ಹಿರಿಯರಿಗೆ ಎಡೆ ಇಡೋದಕ್ಕೂ ಇದಕ್ಕೂ ಎಷ್ಟು ದೂರ ಹೇಳಿ? 2017ರ 'ಕೋಕೋ' ಸಿನಿಮಾ ನೋಡಿದ್ದ ಮಗಳಿಗೆ ಒಂದೇ ಚಿಂತೆ. ಆ ಕಥೆಯಲ್ಲಿ ಫೋಟೋ ಇಡದಿದ್ದರೆ ಸತ್ತವರು ಈಚೆ ದಾಟೋ ಹಾಗಿಲ್ಲ. ನನ್ನ ಅಜ್ಜಿಯದು ಒಂದು ಫೋಟೋನೂ ಇಲ್ಲ. "ಮನೆ ನೀರಲ್ಲಿದೆ, ಫೋಟೋ ಇಲ್ಲ, ಅವಳು ಹೇಗೆ ಬರ್ತಾಳಮ್ಮ?"

ನನಗೆ ಉತ್ತರ ಹೊಳೆಯಲಿಲ್ಲ. ಒಳಗಿಂದ ಭೂಮಣ್ಣಿ ಬುಟ್ಟಿ ತಂದೆ. ಭೂಮಿ ಹುಣ್ಣಿಮೆಗೆ ನಮ್ಮ ದೀವರ ಹೆಂಗಸರು ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೀತಾರೆ. ಬಸುರಿ ಭೂಮಿತಾಯಿಗೆ ಬಯಕೆಯೂಟ ಹೊತ್ತು ಗದ್ದೆಗೆ ಹೋಗುವ ಬುಟ್ಟಿ ಅದು. ಇದನ್ನು ಬರೆದದ್ದು ಅಮ್ಮ. ಅಮ್ಮನಿಗೆ ಆ ಗೆರೆ ಕಲಿಸಿದ್ದು ಅಜ್ಜಿ.

ಅತ್ತೆ ಏನೂ ಕೇಳದೆ ತಮ್ಮ ಗಂಡನ ಫೋಟೋ ಸ್ವಲ್ಪ ಸರಿಸಿ ಬುಟ್ಟಿಗೆ ಜಾಗ ಮಾಡಿದರು. ಮಗಳು ಅಜ್ಜಿಯ ಹೆಸರು ಕೇಳಿ ಕನ್ನಡದಲ್ಲೇ ಚೀಟಿಯಲ್ಲಿ ಬರೆದು ಒಳಗಿಟ್ಟಳು. ಕಡುಬು ಇಟ್ಟೆವು, ಪಕ್ಕದಲ್ಲಿ ಅತ್ತೆಯ ತಮಾಲೆ. ನಮ್ಮದು ಹಲಸಿನೆಲೆಯ ಕೊಟ್ಟೆಯದು, ಅವರದು ಜೋಳದ ಸಿಪ್ಪೆಯದು. ಎರಡೂ ಹಬೆಯಲ್ಲಿ ಬೆಂದವೇ. ಮಗ ಮಾತ್ರ ಎಲೆ-ಅಡಿಕೆಯನ್ನೂ ಇಡಲೇಬೇಕು ಅಂತ ಹಟ ಹಿಡಿದು ಇಡಿಸಿದ.

ಮಕ್ಕಳನ್ನು ಬೇಸಿಗೆಯಲ್ಲಿ, ಹಿನ್ನೀರು ಇಳಿದಾಗ, ಊರಿಗೆ ಕರ್ಕೊಂಡು ಹೋಗಬೇಕು. ಆಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದು ಕಾಣುತ್ತೆ. ಹೂವಿನ ಎಸಳು ನೀರಿಗೇ ಚೆಲ್ಲೋಣ ಅಂತ ಮಗಳು ಈಗಲೇ ಹೇಳಿಟ್ಟಿದ್ದಾಳೆ.

ನಿಮ್ಮ ಮನೆಯಲ್ಲಿ, ಫೋಟೋ ಇಲ್ಲದ ಹಿರಿಯರಿಗೆ ಏನಿಟ್ಟು ಎಡೆ ಹಾಕ್ತೀರಿ?